ಕಪ್ಪು-ಬಿಳುಪು ರೀಲಿನಲ್ಲಿ ಹಳೆಯ ಕಾಲದ ಫೋಟೊ: ತೆಗೆಯುವುದು ಹೇಗೆ?

ಕ್ಯಾಮೆರಾಕ್ಕೆ ಕಪ್ಪು-ಬಿಳುಪು ರೀಲು ಹಾಕಿದ ಮಾತ್ರಕ್ಕೆ ಫೋಟೊಗೆ ಅಜ್ಜನ ಕಾಲದ ಕಳೆ ಬರುವುದಿಲ್ಲ. ಈಗಿನ ಫಿಲಂಗಳು ಭಾರೀ ಚೊಕ್ಕ. ಒಳ್ಳೆಯ ಲೆನ್ಸ್ ಹಾಕಿ, ಬೆಳಕು ಸರಿಯಾಗಿ ನೋಡಿ ತೆಗೆದರೆ ಮೊಬೈಲ್ ಫೋಟೊದ ಬಣ್ಣ ಅಳಿಸಿದ ಹಾಗೆ ಬಂದರೂ ಬಂತು. ಅಷ್ಟಕ್ಕೇ ಆದರೆ ರೀಲು ಯಾಕೆ ಬೇಕು, ಅಲ್ವಾ? ಹಳೆಯ ಕಳೆ ಬೇಕೆಂದರೆ ರೀಲು ಆರಿಸುವಾಗಲೇ ಯೋಚಿಸಬೇಕು.

ಯಾವ ರೀಲು?

ಫಿಲಂ ಮೇಲೆ ಚಿತ್ರ ಮೂಡಿಸುವುದು ಬೆಳ್ಳಿಯ ಹರಳು. ತೊಳೆದ ಮೇಲೆ ಅದು ಸಣ್ಣ ಸಣ್ಣ ಕಾಳಿನಂತೆ ಕಾಣುತ್ತದೆ, ಅದೇ ಗ್ರೇನ್. ಕೊಡಾಕ್ ಟಿ-ಮ್ಯಾಕ್ಸ್, ಇಲ್ಫರ್ಡ್ ಡೆಲ್ಟಾ ರೀಲುಗಳಲ್ಲಿ ಹರಳು ಚಪ್ಪಟೆ, ಹಾಗಾಗಿ ಗ್ರೇನ್ ನುಣುಪು. ನಮ್ಮ ಕೆಲಸಕ್ಕೆ ಇವು ಬೇಡ. ಹಳೆಯ ಬಗೆಯ ಹರಳಿರುವ ಕೊಡಾಕ್ ಟ್ರೈ-ಎಕ್ಸ್ 400, ಇಲ್ಫರ್ಡ್ ಎಚ್‌ಪಿ5 ಪ್ಲಸ್ ಅಥವಾ ಫೋಮಾಪ್ಯಾನ್ 400 ತೆಗೆದುಕೊಳ್ಳಿ. ಟ್ರೈ-ಎಕ್ಸ್ 35 ಎಂಎಂ ರೀಲಾಗಿ ಬಂದದ್ದು 1954ರಲ್ಲಿ. ಪತ್ರಿಕಾ ಛಾಯಾಗ್ರಾಹಕರು ಬಹಳ ಕಾಲ ಅದನ್ನೇ ನೆಚ್ಚಿಕೊಂಡಿದ್ದರು.

ಇನ್ನೂ ಹಿಂದಕ್ಕೆ ಹೋಗುವ ಆಸೆಯಿದ್ದರೆ ಆರ್ಥೊಕ್ರೊಮ್ಯಾಟಿಕ್ ಫಿಲಂ ಇದೆ. ಇಲ್ಫರ್ಡ್ ಆರ್ಥೊ ಪ್ಲಸ್ ಅಂಥದ್ದು. ಇದಕ್ಕೆ ಕೆಂಪು ಬೆಳಕು ಕಾಣಿಸುವುದೇ ಇಲ್ಲ. ತುಟಿ ಕಪ್ಪಗಾಗುತ್ತದೆ, ಮುಖದ ಕಲೆಗಳು ಎದ್ದು ಕಾಣುತ್ತವೆ, ನೀಲಿ ಆಕಾಶ ಬೆಳ್ಳಗೆ ಬರುತ್ತದೆ. ಮೂಕಿ ಚಿತ್ರಗಳ ನಟರ ಮುಖ ಹಾಗೆ ವಿಚಿತ್ರವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ನನ್ನ ಮಟ್ಟಿಗೆ, ಹಳೆಯ ಫೋಟೊಗೆ ಎಲ್ಲಕ್ಕಿಂತ ಹತ್ತಿರ ಬರುವುದು ಇದೇ. ಆದರೆ ಇದರ ವೇಗ ಬರೀ 80 ಐಎಸ್‌ಒ. ಈ ಅಂಕಿ ಕಡಿಮೆಯಿದ್ದಷ್ಟೂ ಫಿಲಂಗೆ ಬೆಳಕು ಜಾಸ್ತಿ ಬೇಕು, ಹಾಗಾಗಿ ಮೊದಲ ಸಲಕ್ಕೆ 400ರ ರೀಲೇ ವಾಸಿ.

ರೀಲು ಹಾಕುವುದು

ನಾಲಿಗೆಯಂತೆ ಹೊರಗೆ ಚಾಚಿರುವ ಫಿಲಂ ತುದಿಯನ್ನು ಬಲಗಡೆಯ ಉರುಳೆಗೆ ಸಿಕ್ಕಿಸಿ. ಅಂಚಿನ ತೂತುಗಳು ಹಲ್ಲುಗಳ ಮೇಲೆ ಸರಿಯಾಗಿ ಕೂತಿವೆಯಾ ನೋಡಿ, ಹಿಂಬಾಗಿಲು ಮುಚ್ಚಿ. ಆಮೇಲೆ ಎಡಗಡೆಯ ರಿವೈಂಡ್ ಹಿಡಿಯನ್ನು ಮೆಲ್ಲಗೆ ತಿರುಗಿಸಿ ಫಿಲಂ ಬಿಗಿ ಮಾಡಿಕೊಳ್ಳಿ. ಈಗ ಮುಂದಿನ ಫ್ರೇಮಿಗೆ ಲಿವರ್ ಎಳೆದಾಗ ಆ ಹಿಡಿ ತಾನಾಗಿ ತಿರುಗಬೇಕು. ತಿರುಗದಿದ್ದರೆ ಫಿಲಂ ಮುಂದೆ ಹೋಗುತ್ತಿಲ್ಲ ಎಂದರ್ಥ. ಎಷ್ಟು ಕ್ಲಿಕ್ ಮಾಡಿದರೂ ರೀಲು ಖಾಲಿಯೇ.

ಬೆಳಕು

ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಕೆಟ್ಟಿದ್ದರೂ ಚಿಂತೆಯಿಲ್ಲ. ಚೆನ್ನಾಗಿ ಬಿಸಿಲಿದ್ದಾಗ 400ರ ರೀಲಿಗೆ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್16, ಶಟರ್ 1/500 ಸೆಕೆಂಡು. ಶಟರ್ ಹಾಗೇ ಇಟ್ಟು, ಮೋಡ ಕವಿದಿದ್ದರೆ ಎಫ್8, ನೆರಳಿದ್ದರೆ ಎಫ್4; ಅಂಕಿ ಇಳಿದಷ್ಟೂ ಕಿಂಡಿ ದೊಡ್ಡದು. ಅನುಮಾನ ಬಂದಾಗ ಬೆಳಕು ಸ್ವಲ್ಪ ಜಾಸ್ತಿಯೇ ಕೊಡಿ. ಜಾಸ್ತಿಯಾದರೆ ನೆಗೆಟಿವ್ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ನೆರಳಿನ ಭಾಗದಲ್ಲಿ ಏನೂ ಉಳಿಯುವುದಿಲ್ಲ.

ಕಪ್ಪು-ಬಿಳುಪು ಅಂದ ತಕ್ಷಣ ಕೆಂಪು ಫಿಲ್ಟರ್ ಕೊಳ್ಳುವವರಿದ್ದಾರೆ. ಅದು ನೀಲಿ ಆಕಾಶವನ್ನು ಕಡುಕಪ್ಪು ಮಾಡುತ್ತದೆ. ನೋಡಲು ಚೆನ್ನ, ಆದರೆ ಬಹಳ ಹಳೆಯ ಫೋಟೊಗಳಲ್ಲಿ ಆಕಾಶ ಹಾಗಿರುವುದಿಲ್ಲ. ಅದರ ಬದಲು ಬೆಳಕಿನ ಪ್ರತಿಫಲನ ತಡೆಯುವ ಕೋಟಿಂಗ್ ಇಲ್ಲದ ಹಳೆಯ ಲೆನ್ಸ್ ಸಿಕ್ಕರೆ ಹಾಕಿ. ಬೆಳಕಿಗೆ ಎದುರಾಗಿ ಹಿಡಿದರೆ ಚಿತ್ರದ ಮೇಲೆ ತೆಳ್ಳಗೆ ಮಂಜು ಕವಿದ ಹಾಗಾಗುತ್ತದೆ.

ತೊಳೆಯುವುದು

ಲ್ಯಾಬಿಗೆ ಕೊಡುವುದಾದರೆ ಕಪ್ಪು-ಬಿಳುಪು ತೊಳೆಯುತ್ತಾರಾ ಎಂದು ಮೊದಲೇ ಕೇಳಿ. ಬಣ್ಣದ ಫಿಲಂನ ರಾಸಾಯನಿಕಕ್ಕೆ ಹಾಕಿದರೆ ಚಿತ್ರವೇ ಹೋಗುತ್ತದೆ. ಇಲ್ಫರ್ಡ್ ಎಕ್ಸ್‌ಪಿ2 ಮಾತ್ರ ಅದರಲ್ಲೇ ತೊಳೆಯುವಂಥದ್ದು.

ಮನೆಯಲ್ಲೇ ತೊಳೆಯುವುದು ಅಂಥ ಕಷ್ಟವೇನಲ್ಲ. ಪೂರ್ತಿ ಕತ್ತಲಲ್ಲಿ ಫಿಲಂ ಅನ್ನು ಸುರುಳಿಗೆ ಸುತ್ತಿ ಟ್ಯಾಂಕಿನೊಳಗೆ ಇಡುವುದಕ್ಕೆ ಮಾತ್ರ ಕೈ ಪಳಗಬೇಕು. ಹಾಳಾದ ಒಂದು ರೀಲು ಇಟ್ಟುಕೊಂಡು ಮೊದಲು ಬೆಳಕಿನಲ್ಲಿ, ಆಮೇಲೆ ಕಣ್ಣು ಮುಚ್ಚಿ ಅಭ್ಯಾಸ ಮಾಡಿ. ಟ್ಯಾಂಕಿನ ಮುಚ್ಚಳ ಬಿದ್ದ ಮೇಲೆ ದೀಪ ಹಾಕಬಹುದು.

ಎಚ್‌ಪಿ5 ಪ್ಲಸ್‌ಗೆ ಐಡಿ-11 ಡೆವಲಪರ್ (ಚಿತ್ರ ಮೂಡಿಸುವ ರಾಸಾಯನಿಕ; ಪುಡಿ ಕರಗಿಸಿದ ದ್ರಾವಣಕ್ಕೆ ಮತ್ತೆ ನೀರು ಬೆರೆಸಬೇಡಿ) 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಳೂವರೆ ನಿಮಿಷ. ಮೊದಲ 10 ಸೆಕೆಂಡು, ಆಮೇಲೆ ಪ್ರತಿ ನಿಮಿಷದ ಶುರುವಿನಲ್ಲಿ 10 ಸೆಕೆಂಡು ಟ್ಯಾಂಕನ್ನು ಮೆಲ್ಲಗೆ ತಲೆಕೆಳಗು ಮಾಡಿ. ಮುಗಿದ ಮೇಲೆ ಡೆವಲಪರ್ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರ ಉಳಿಸುವ ಫಿಕ್ಸರ್, ಕೊನೆಗೆ ಚೆನ್ನಾಗಿ ನೀರು. ಒರಟು ಗ್ರೇನ್ ಬೇಕಿದ್ದರೆ ಅದೇ ಬಗೆಯ ರೀಲನ್ನು 1600 ಐಎಸ್‌ಒ ಎಂದು ಎಣಿಸಿ ಫೋಟೊ ತೆಗೆದು, ಅದೇ ಡೆವಲಪರ್‌ನಲ್ಲಿ 14 ನಿಮಿಷ ತೊಳೆಯಿರಿ. ಕಪ್ಪು ಗಾಢವಾಗುತ್ತದೆ, ನೆರಳಿನ ವಿವರ ಒಂದಿಷ್ಟು ಹೋಗುತ್ತದೆ.

ಒಣಗಲು ಧೂಳಿಲ್ಲದ ಕಡೆ, ಬಚ್ಚಲುಮನೆಯಂಥ ಜಾಗದಲ್ಲಿ ನೇತುಹಾಕಿ. ನೆಗೆಟಿವ್ ಅನ್ನು ಕಂಪ್ಯೂಟರಿಗೆ ಇಳಿಸುವ ಸ್ಕ್ಯಾನರ್‌ನಲ್ಲಿ ಧೂಳು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯ ಇದೆಯಲ್ಲ ಎಂದು ಸುಮ್ನಿರಬೇಡಿ. ಬೆಳ್ಳಿಯ ಫಿಲಂಗೆ ಅದು ನಡೆಯುವುದಿಲ್ಲ, ಚಿತ್ರವನ್ನೇ ಧೂಳೆಂದು ತಿಳಿದು ಕೆಡಿಸುತ್ತದೆ. ಆ ಬಟನ್ ಆಫ್ ಮಾಡಿ, ನೆಗೆಟಿವ್ ಮೇಲಿನ ಧೂಳನ್ನು ಬ್ಲೋವರ್‌ನಿಂದ ಊದಿ ಸ್ಕ್ಯಾನ್ ಮಾಡಿ.