ಗುಜರಿಯ ಡಬ್ಬಾ ಟಿವಿ ಕೊಳ್ಳುವ ಮುನ್ನ

ಮೈಸೂರಿನ ಗುಜರಿ ಅಂಗಡಿಯಲ್ಲಿ ಸಿಆರ್‌ಟಿ ಟಿವಿ (ಗಾಜಿನ ಪಿಕ್ಚರ್ ಟ್ಯೂಬ್ ಇರುವ ಹಳೆಯ ಡಬ್ಬಾ ಟಿವಿ) ಸಿಕ್ಕರೆ ಅಲ್ಲೇ 15 ನಿಮಿಷ ಓಡಿಸಿ ನೋಡಿ. ಆಮೇಲೂ ಚಿತ್ರ ಮಂಕಾಗಿದ್ದು, ಬಿಳುಪು ಕದಡಿದಂತಿದ್ದರೆ ಪಿಕ್ಚರ್ ಟ್ಯೂಬ್ ಸವೆದಿದೆ. ಪುಕ್ಕಟೆ ಕೊಟ್ಟರೂ ಬೇಡ. ನಡುವೆ ಒಂದೇ ಅಡ್ಡಗೆರೆ ಬಂದರೆ ಸಾಮಾನ್ಯವಾಗಿ ವರ್ಟಿಕಲ್ ಐಸಿ (ಚಿತ್ರವನ್ನು ಮೇಲೆ-ಕೆಳಗೆ ಹರಡುವ ಚಿಪ್) ದೋಷ, ರಿಪೇರಿಯಾಗುತ್ತದೆ. ಆದರೆ ತಕ್ಷಣ ಆರಿಸಿ, ಇಲ್ಲದಿದ್ದರೆ ಆ ಗೆರೆ ಪರದೆಯನ್ನೇ ಸುಡುತ್ತದೆ.

ಮೂಲೆಯ ಹಸಿರು, ನೇರಳೆ ಮಚ್ಚೆಗೆ ಹೆದರಬೇಡಿ, ಸಾಮಾನ್ಯವಾಗಿ ಅದು ಆಯಸ್ಕಾಂತದ ಪ್ರಭಾವ. ಪಕ್ಕದ ಸ್ಪೀಕರ್ ಸರಿಸಿ, ಮೇನ್ ಸ್ವಿಚ್ಚನ್ನೇ ಅರ್ಧ ಗಂಟೆ ಆರಿಸಿ ಮತ್ತೆ ಹಾಕಿ. ರಿಮೋಟ್‌ನಲ್ಲಿ ಆರಿಸಿದರೆ ಸಾಲದು.

ಮಂಡ್ಯಕ್ಕೆ ಒಯ್ಯುವುದಿದ್ದರೆ ಪರದೆಯನ್ನು ಎದೆಗೊತ್ತಿ ಹಿಡಿಯಿರಿ, ಭಾರವೆಲ್ಲ ಮುಂದಿನ ಗಾಜಿನಲ್ಲೇ.

ಈ ಟಿವಿಗೆ ಸ್ಟ್ರೀಮಿಂಗ್ ಸ್ಟಿಕ್ ಜೋಡಿಸಲು ಎಚ್‌ಡಿಎಂಐ-ಎವಿ ಕನ್ವರ್ಟರ್ ಬೇಕು. ಅದರ ಸ್ವಿಚ್ ಪಾಲ್‌ನಲ್ಲಿರಲಿ (PAL, ಭಾರತದ ಟಿವಿಗಳ ಬಣ್ಣ ಪದ್ಧತಿ). ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿ ಕೆಲವು ಸೆಟ್‌ಗಳಿಗೆ ಬಣ್ಣವೇ ಬರದು. ಹಿಂದಿನ ಮುಚ್ಚಳ ಮಾತ್ರ ಬಿಚ್ಚಬೇಡಿ: ಕಲರ್ ಸೆಟ್‌ನ ಆನೋಡ್‌ನಲ್ಲಿ (ಪಿಕ್ಚರ್ ಟ್ಯೂಬ್‌ಗೆ ಹೈ ವೋಲ್ಟೇಜ್ ಸೇರುವ ಜಾಗ) 20,000 ವೋಲ್ಟ್‌ಗೂ ಮೇಲಿರುತ್ತದೆ, ಆರಿಸಿದ ಮೇಲೂ ಉಳಿದಿರಬಹುದು.