ಲಿವರ್ ಲ್ಯಾಪರೋಸ್ಕೊಪಿ: ಓಪನ್‌ಗೆ ಹೋಗುವ ಮೂರು ನಿಮಿಷ

ಕ್ಯಾಮೆರಾ ಬಿಟ್ಟು ಸಣ್ಣ ರಂಧ್ರಗಳಿಂದ ಮಾಡುವ ಲಿವರ್ ಆಪರೇಷನ್ (ಲ್ಯಾಪರೋಸ್ಕೊಪಿ) ನಡುವೆ ಹೊಟ್ಟೆ ಕೊಯ್ದು ತೆರೆಯಬೇಕಾಗಬಹುದೆಂದು ಮೊದಲೇ ಸಿದ್ಧವಾಗುತ್ತೇನೆ. ಹಾಗೆ ಸಿದ್ಧವಾದರೆ ಸುಮ್ಮಸುಮ್ಮನೆ ತೆರೆಯುತ್ತೀರಿ ಅಂದವರೇ ಹೆಚ್ಚು. ತೆರೆದ ಕೇಸುಗಳ ಲೆಕ್ಕ ಹೆಚ್ಚಲಿಲ್ಲ, ಮೊದಲಿನಂತೆ ಹತ್ತು ಕೇಸಿಗೆ ಒಂದರ ಆಸುಪಾಸು. ಬದಲಾದದ್ದು ತೆರೆಯುವ ಹೊತ್ತು. ಅಂಗಗಳ ನಡುವಿನ ಅಂಟು ಬಿಡಿಸಲಾಗದೆ ತೆರೆಯುವುದಕ್ಕೂ ಹೆಪಾಟಿಕ್ ವೇನ್ (ಲಿವರ್‌ನಿಂದ ರಕ್ತ ಹೊರಗೊಯ್ಯುವ ನಾಳ) ಹರಿದು ತೆರೆಯುವುದಕ್ಕೂ ಅಜಗಜಾಂತರ.

ಪೋರ್ಟ್ (ಕ್ಯಾಮೆರಾ, ಸಲಕರಣೆ ಒಳಬಿಡುವ ಕೊಳವೆ) ಹಾಕುವ ಮುನ್ನವೇ, ತೆರೆಯಬೇಕಾದರೆ ಕೊಯ್ಯುವ ಜೆ ಆಕಾರದ ಗೀರನ್ನು ಮಾರ್ಕರ್‌ನಲ್ಲಿ ಎಳೆಯುತ್ತೇನೆ. ಆದಷ್ಟು ಪೋರ್ಟ್ ಆ ಗೆರೆಯ ಮೇಲೆಯೇ ಬೀಳಬೇಕು. ಗೀರನ್ನು ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರ್‌ನ ಕಂಬ ಟೇಬಲ್‌ಗೆ ಸಿಕ್ಕಿಸಿರಬೇಕು, ಓಪನ್ ಆಪರೇಷನ್ ಸಲಕರಣೆಯ ಟ್ರೇ ಬಿಚ್ಚಿ ಎಣಿಸಿರಬೇಕು. ಪ್ರಿಂಗಲ್ ಟೇಪ್ (ಲಿವರ್‌ಗೆ ರಕ್ತ ತರುವ ನಾಳಗಳನ್ನು ಬಿಗಿಯುವ ಪಟ್ಟಿ) ಸುತ್ತದೆ ಲಿವರ್‌ಗೆ ಕೈ ಹಾಕುವುದಿಲ್ಲ: ಹತ್ತಿ ಟೇಪ್, 20–24 ಫ್ರೆಂಚ್ ಟ್ಯೂಬ್ ತುಂಡು, 15 ನಿಮಿಷ ಬಿಗಿ, 5 ನಿಮಿಷ ಸಡಿಲ. ಸಿರೋಸಿಸ್ ಇದ್ದರೆ 10ಕ್ಕೇ ಬಿಡುತ್ತೇನೆ. ಹೆಪಾಟಿಕ್ ವೇನ್‌ನಿಂದ ಹಿಮ್ಮುಖವಾಗಿ ಬರುವ ರಕ್ತಕ್ಕೆ ಈ ಟೇಪ್ ಏನೂ ಮಾಡದು. ಅಲ್ಲಿ ಸಿವಿಪಿ (ಹೃದಯದ ಬಳಿಯ ದೊಡ್ಡ ವೇನ್‌ನ ಒತ್ತಡ) 5ರ ಕೆಳಗಿದ್ದರೇ ಬಚಾವ್.

ರಕ್ತ ಚಿಮ್ಮಿದಾಗ ಎಲ್ಲರೂ ಮಾಡುವ ತಪ್ಪು ಸಕ್ಷನ್‌ನಿಂದ ಹೀರುವುದು. ಹೊಟ್ಟೆ ಉಬ್ಬಿಸಲು ತುಂಬಿದ ಗ್ಯಾಸ್ ಹೋಗಿ ಒತ್ತಡ ಕುಸಿಯುತ್ತದೆ, ವೇನ್ ಇನ್ನಷ್ಟು ಸುರಿಯುತ್ತದೆ. ಮೊದಲು ಗಾಜ್ ತುರುಕಿ, ಗಡಿಯಾರ ನೋಡಿ 5 ನಿಮಿಷ ಒತ್ತಿ. ಗ್ಯಾಸ್ ಒತ್ತಡವನ್ನು 12ರಿಂದ 15–16 ಎಂಎಂ ಎಚ್‌ಜಿಗೆ ಏರಿಸಬಹುದು, ಸ್ವಲ್ಪ ಹೊತ್ತು ಮಾತ್ರ. ಎಂಡ್-ಟೈಡಲ್ (ಉಸಿರು ಬಿಡುವ ಕೊನೆಯ) ಕಾರ್ಬನ್ ಡೈಆಕ್ಸೈಡ್ ದಿಢೀರ್ ಇಳಿದರೆ ಗ್ಯಾಸ್ ಎಂಬಾಲಿಸಂ, ಅಂದರೆ ಗ್ಯಾಸ್ ರಕ್ತನಾಳ ಹೊಕ್ಕಿದೆ ಎಂದೇ ತಿಳಿಯಿರಿ. ಆಮೇಲೆ 4-0 ಪ್ರೊಲೀನ್ ಹೊಲಿಗೆ ದಾರ, ಹತ್ತು–ಹನ್ನೆರಡು ಸೆಂಟಿಮೀಟರ್, ತುದಿಗೆ ಮೊದಲೇ ಕ್ಲಿಪ್ ಹಾಕಿದ್ದು. ಎರಡು ಹೊಲಿಗೆಗೆ ನಿಲ್ಲದಿದ್ದರೆ ಮೂರನೆಯದು ಬೇಡ, ತೆರೆಯಿರಿ. ಕಣ್ಣಿಗೆ ಕಾಣದ ಕಡೆ ಕ್ಲಿಪ್ ಹೊಡೆದರೆ ಅದರ ಮೇಲೆ ಸ್ಟೇಪ್ಲರ್ ಕಚ್ಚುವುದಿಲ್ಲ. ಹಟಕ್ಕೆ ಬಿದ್ದು ಮೂರ್ನಾಲ್ಕು ಸ್ಟೇಪ್ಲರ್ ಕಾರ್ಟ್ರಿಜ್ ವ್ಯರ್ಥ ಮಾಡಿ ಕೊನೆಗೂ ತೆರೆದರೆ ರೋಗಿಗೆ ಎರಡೂ ಆಪರೇಷನ್‌ಗಳ ಬಿಲ್.

ತೆರೆಯುವಾಗ ಗ್ಯಾಸ್ ಆರಿಸಬಾರದು. ಸಹಾಯಕರು ಪೋರ್ಟ್‌ನಿಂದ ಗಾಜ್ ಒತ್ತಿಯೇ ಇರಲಿ, ಕ್ಯಾಮೆರಾ ಒಳಗೇ ಇರಲಿ. ಹೊಟ್ಟೆಯ ಒಳಪೊರೆ (ಪೆರಿಟೋನಿಯಂ) ಬಿಚ್ಚಿದ ಕೂಡಲೇ ಗ್ಯಾಸ್‌ನ ಅದುಮು ಹೋಗಿ, ನಿಂತಂತಿದ್ದ ವೇನ್ ಮತ್ತೆ ಹರಿಯುತ್ತದೆ. ಆ ಹೊತ್ತಿಗೆ ಕೈ ಲಿವರ್ ಮೇಲಿರಬೇಕು. ಅನಸ್ತೇಷಿಯಾದವರಿಗೆ ಚರ್ಮ ಕೊಯ್ಯುವ ಮೊದಲೇ ಹೇಳಿ, ರಕ್ತ ಏರಿಸಲಿ. ಖಾಲಿ ಥಿಯೇಟರ್‌ನಲ್ಲಿ ಅಭ್ಯಾಸ ಮಾಡಿ ಏಳೆಂಟು ನಿಮಿಷದ ಕೆಲಸವನ್ನು ಮೂರಕ್ಕೆ ತಂದಿದ್ದೇವೆ. ಗಾಜ್ ಯಾವ ಕೋನದಲ್ಲಿ ಹಿಡಿಯಬೇಕೆಂಬುದು ಪಕ್ಕದಲ್ಲಿ ನಿಂತು ನೋಡಿದವರಿಗೇ ಸಿಗುವುದು.

ರಕ್ತವಿಲ್ಲದೆಯೂ ತೆರೆಯಬೇಕಾದ ಕೇಸುಗಳಿವೆ: ಅಲ್ಟ್ರಾಸೌಂಡ್‌ನಲ್ಲಿ ಗಡ್ಡೆಯ ಅಂಚು ಕೈತಪ್ಪಿದಾಗ, ಒಂದು ಗಂಟೆ ದುಡಿದರೂ ಲಿವರ್ ಕತ್ತರಿಸುವ ಗೆರೆ ಮುಂದೆ ಹೋಗದಾಗ.

ಲಿವರ್‌ನ ಬಲ ಮೇಲ್ಭಾಗದ 7, 8ನೇ ಸೆಗ್ಮೆಂಟ್‌ಗೆ ಪಕ್ಕೆಲುಬಿನ ನಡುವೆ ಪೋರ್ಟ್ ಹಾಕಿ ನೋಡಿದೆ. ನೋಟ ಚೆನ್ನಾಗಿತ್ತು, ಪ್ಲೂರಾದ (ಶ್ವಾಸಕೋಶದ ಹೊದಿಕೆಯ) ತಲೆನೋವು ಸಾಕಾಯಿತು. ಈಗ ಲಿವರ್‌ನ ಬಲಭಾಗವನ್ನು ಕ್ಯಾಮೆರಾದಲ್ಲೇ ಬಿಡಿಸಿಕೊಂಡು, 8–10 ಸೆಂಟಿಮೀಟರ್ ಗೀರಿನಿಂದ ಕತ್ತರಿಸುತ್ತೇನೆ. ಲಿವರ್‌ನ ಎಡ ಅಂಚಿನ ಭಾಗಕ್ಕೆ (ಎಡ ಲ್ಯಾಟರಲ್) ಇದಾವುದೂ ಬೇಡ.