ಹಳೇ ಕಾಲದ ಟ್ರೇಡಿಂಗ್ ಕಾರ್ಡ್ ವಿನ್ಯಾಸ: ಅಳತೆಯಿಂದ ಅಚ್ಚಿನವರೆಗೆ

ಆಟಗಾರರ ಚಿತ್ರ ಹೊತ್ತು ಪೊಟ್ಟಣಗಳಲ್ಲಿ ಬರುತ್ತಿದ್ದ ಹಳೆಯ ಬೇಸ್‌ಬಾಲ್ ಕಾರ್ಡಿನ ಚಹರೆ ಬೇಕೆನ್ನುವವರು ಮೊದಲು ಕೈಹಾಕುವುದು ಕಂದು ಕಲೆ, ಸುಕ್ಕು, ಸವೆದ ಮೂಲೆಗಳಿಗೆ. ಅವು ಕಾರ್ಡಿಗೆ ವಯಸ್ಸಾದ ಮೇಲೆ ಬಂದವು. ಪೊಟ್ಟಣ ಒಡೆದ ದಿನವೇ ಆ ಚಹರೆ ಇತ್ತು. ಅದನ್ನು ಕೊಟ್ಟದ್ದು ಅಳತೆ, ನಾಲ್ಕು ಶಾಯಿ ಮತ್ತು ಒರಟು ರಟ್ಟು.

ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಿ, ಅಳತೆ ಅದರ ಹಿಂದೆಯೇ ಬರುತ್ತದೆ. 1909–11ರಲ್ಲಿ ಸಿಗರೇಟು ಪೊಟ್ಟಣದೊಳಗೆ ಬಂದ ಟಿ206 ಎಂಬ ಸರಣಿಯ ಕಾರ್ಡು ಸುಮಾರು 1.44 × 2.63 ಇಂಚು. ಅಮೆರಿಕದ ಟಾಪ್ಸ್ ಕಂಪನಿ 1952ರಲ್ಲಿ ತಂದ ಕಾರ್ಡು 2.625 × 3.75 ಇಂಚು. 1957ರಲ್ಲಿ ಟಾಪ್ಸ್ 2.5 × 3.5 ಇಂಚಿಗೆ ಇಳಿಯಿತು. ಇಂದಿಗೂ ಅದೇ ರೂಢಿ. ಈ ಅಳತೆಗೆ ಸುತ್ತಲೂ ಕಾಲಂಗುಲದ ಅರ್ಧದಷ್ಟು, ಅಂದರೆ 0.125 ಇಂಚು, ಬ್ಲೀಡ್ (ಕತ್ತರಿಸಿ ತೆಗೆಯುವ ಹೆಚ್ಚುವರಿ ಅಂಚು) ಸೇರಿಸಿ, 1200 ಡಿಪಿಐಯಲ್ಲಿ (ಇಂಚಿಗೆ 1200 ಚುಕ್ಕೆ) 3300 × 4500 ಪಿಕ್ಸೆಲ್‌ಗಳ ಫೈಲು ತೆರೆಯಿರಿ. ಬಣ್ಣದ ಮೋಡ್ ಮೊದಲಿನಿಂದಲೂ ಸಿಎಂವೈಕೆ (ಸಿಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಅಚ್ಚಿನ ಶಾಯಿ) ಆಗಿರಲಿ.

ಬಿಳಿ ಅಂಚು 4 ಮಿ.ಮೀ.ಗಿಂತ ಕಡಿಮೆ ಬೇಡ. ಕತ್ತರಿಸುವಾಗ 1 ಮಿ.ಮೀ. ಸರಿದರೆ 2 ಮಿ.ಮೀ. ಅಂಚು ಒಂದು ಬದಿ 1, ಇನ್ನೊಂದು ಬದಿ 3 ಆಗಿ ಕಣ್ಣಿಗೆ ಹೊಡೆಯುತ್ತದೆ. ಕಪ್ಪು ಅಂಚು ಚೆಂದ, ಆದರೆ 1971ರ ಟಾಪ್ಸ್ ಕಾರ್ಡುಗಳನ್ನು ನೋಡಿ: ಅಂಚಿನ ಶಾಯಿ ಸ್ವಲ್ಪ ಉದುರಿದರೂ ಬಿಳಿ ಇಣುಕುತ್ತದೆ.

ಚಿತ್ರದ ಕೆಲಸಕ್ಕೆ ಹೆಚ್ಚು ಸಮಯ ಕೊಡಿ. 1952ರ ಕಾರ್ಡುಗಳು ಕಪ್ಪು-ಬಿಳುಪು ಫೋಟೋಗಳಿಗೆ ಕೈಯಿಂದ ಬಣ್ಣ ಹಾಕಿದವು. ನೀವೂ ಹಾಗೆಯೇ ಮಾಡಿ. ಫೋಟೋದ ಬಣ್ಣ ತೆಗೆದು ಕಾಂಟ್ರಾಸ್ಟ್ ಏರಿಸಿ. ಮೇಲೆ ಮಲ್ಟಿಪ್ಲೈ (ಕೆಳಗಿನ ಚಿತ್ರ ಕಾಣುವಂತೆ ಬಣ್ಣ ಬೆರೆಸುವ) ಪದರಗಳಲ್ಲಿ ಚರ್ಮ, ಟೋಪಿ, ಅಂಗಿ, ಆಕಾಶ ಹೀಗೆ ಐದಾರು ಸಪಾಟು ಬಣ್ಣಗಳನ್ನಷ್ಟೇ ಹಾಕಿ. ಬಟ್ಟೆಯ ಮಡಿಕೆಗೆ ಬೇರೆ ಬಣ್ಣ ಬೇಡ, ಕೆಳಗಿನ ಬೂದು ಛಾಯೆ ಅದನ್ನು ನೋಡಿಕೊಳ್ಳುತ್ತದೆ. ಬಣ್ಣದ ಫೋಟೋಗೇ ಫಿಲ್ಟರ್ ಹಾಕಿದರೆ ಈ ಗುಣ ಎಂದೂ ಬರದು.

ಆಮೇಲೆ ಹಾಫ್‌ಟೋನ್. ಅಂದರೆ ಚಿತ್ರವನ್ನು ಸಣ್ಣ ಚುಕ್ಕೆಗಳಾಗಿ ಒಡೆಯುವ ಕೆಲಸ. ಇಂಚಿಗೆ ಚುಕ್ಕೆಗಳ 65 ಸಾಲು. ಸಾಲುಗಳ ಕೋನಗಳು ಸಿಯಾನ್ 15, ಮಜೆಂಟಾ 75, ಹಳದಿ 0, ಕಪ್ಪು 45 ಡಿಗ್ರಿ. ಕೋನಗಳು ತಪ್ಪಿದರೆ ಮುಖದ ಮೇಲೆ ಅಲೆಯಲೆಯಾದ ಪಟ್ಟೆಗಳು ಏಳುತ್ತವೆ. ಹಳೆಯ ಅಚ್ಚಿನಂತೆ ಕಾಣಲು ಮಜೆಂಟಾ ಪದರವೊಂದನ್ನು 6–8 ಪಿಕ್ಸೆಲ್, ಸುಮಾರು 0.15 ಮಿ.ಮೀ., ಸರಿಸಿ. ಅದಕ್ಕಿಂತ ಹೆಚ್ಚಾದರೆ ತುಟಿ ಎರಡಾಗಿ ಕಾಣುತ್ತದೆ. ಆಟಗಾರನ ಹೆಸರು, ಸಣ್ಣ ಅಕ್ಷರಗಳು ಹಾಫ್‌ಟೋನ್‌ನಿಂದ ಹೊರಗಿರಲಿ. ಕಪ್ಪಕ್ಷರ ಕಪ್ಪು ಶಾಯಿಯೊಂದರಲ್ಲೇ ಬರಲಿ. ನಾಲ್ಕು ಶಾಯಿ ಬೆರೆತ ಅಕ್ಷರಕ್ಕೆ ಬಣ್ಣದ ನೆರಳು ಮೂಡುತ್ತದೆ.

ಹಿಂಬದಿಯನ್ನು ಕಡೆಗಣಿಸಬೇಡಿ, ಕಾರ್ಡಿನ ಅರ್ಧ ಜೀವ ಅಲ್ಲಿದೆ. ಒಂದು ಬದಿ ಬಿಳಿ, ಇನ್ನೊಂದು ಬೂದು ಇರುವ, ಸುಮಾರು 0.4 ಮಿ.ಮೀ. ದಪ್ಪದ ಡುಪ್ಲೆಕ್ಸ್ ಬೋರ್ಡ್ ಆರಿಸಿ. ಬೂದು ಬದಿಗೆ ಕಪ್ಪು ಮತ್ತು ಕೆಂಪು, ಎರಡೇ ಶಾಯಿ ಸಾಕು: ಸಂಖ್ಯೆ, ಎತ್ತರ, ತೂಕ, ಆಟದ ಅಂಕಿಅಂಶ, ಮೂಲೆಯಲ್ಲೊಂದು ಪುಟ್ಟ ವ್ಯಂಗ್ಯಚಿತ್ರ. ಅಕ್ಷರ 6 ಪಾಯಿಂಟ್‌ಗಿಂತ ಚಿಕ್ಕದಾದರೆ ಒರಟು ರಟ್ಟಿನಲ್ಲಿ ಶಾಯಿ ಹರಡಿ ತುಂಬಿಕೊಳ್ಳುತ್ತದೆ. ಆಟದ ಬದಲು ವಿಚಿತ್ರ ಕಥೆಯ ಸರಣಿಯಾದರೆ 1962ರ ಮಾರ್ಸ್ ಅಟ್ಯಾಕ್ಸ್ ಒಳ್ಳೆಯ ಮಾದರಿ: 55 ಕಾರ್ಡು, ಮುಂದೆ ಬಣ್ಣದಲ್ಲಿ ಬರೆದ ಚಿತ್ರ, ಹಿಂದೆ ಸಂಖ್ಯೆಯ ಪ್ರಕಾರ ಮುಂದುವರಿಯುವ ಕಥೆ.

ಮುದ್ರಣಕ್ಕೆ ಪಿಡಿಎಫ್ ಕೊಡಿ, ‘ಪುಟಕ್ಕೆ ಹೊಂದಿಸು’ ಆಯ್ಕೆ ತೆಗೆಸಿ. ಗಾತ್ರ ಶೇ 97ಕ್ಕೆ ಇಳಿದರೂ ಚುಕ್ಕೆಗಳು ಕೆಡುತ್ತವೆ. ಮೊದಲು ತೆಳು ಕಾಗದದ ಎರಡೂ ಬದಿ ಅಚ್ಚುಮಾಡಿ ಬೆಳಕಿಗೆ ಹಿಡಿದರೆ ಹಿಂದು-ಮುಂದು ಕೂಡಿದೆಯೇ ಎಂಬುದು ತಿಳಿಯುತ್ತದೆ. ಲ್ಯಾಮಿನೇಶನ್ ಖಂಡಿತ ಬೇಡ, ಆ ಹೊಳಪು ಎಲ್ಲವನ್ನೂ ಹಾಳುಮಾಡುತ್ತದೆ. ಕತ್ತರಿಸಲು ಉಕ್ಕಿನ ಅಳತೆಪಟ್ಟಿ, ಹೊಸ ಬ್ಲೇಡು; ಹಗುರವಾಗಿ ಮೂರ್ನಾಲ್ಕು ಸಲ ಎಳೆಯಿರಿ. ಒಂದೇ ಸಲಕ್ಕೆ ಒತ್ತಿದರೆ ಅಂಚು ಜಜ್ಜಿ ಪದರ ಬಿಡುತ್ತದೆ. ಹಿಂಬದಿಯ ಕೆಳಗೆ ನೀವು ಮಾಡಿದ ವರ್ಷವನ್ನು ಅಚ್ಚುಹಾಕಿ. ಮುಂದೆ ಯಾರ ಕೈಗೆ ಹೋದರೂ ಅದನ್ನು ಅಸಲಿ ಹಳೆಯ ಕಾರ್ಡೆಂದು ಮಾರಲಾಗದು.